ಎಂ.ಎಸ್ಸಿ. ದಾರಿ ಪಿಯುಸಿಯಿಂದಲೇ

ನಾನು ಕಾಮರ್ಸ್ ವಿದ್ಯಾರ್ಥಿ. ಹತ್ತನೇ ತರಗತಿಯ ನನ್ನ ತಂಗಿಗೆ ಜೀವಕೋಶ ಮತ್ತು ಆಣ್ವಿಕ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಆಸೆ. "ಅದನ್ನು ಓದಿದರೆ ಏನು ಉಪಯೋಗ?" ಎಂದು ಅಬ್ಬಾ ಕೇಳಿದರು. ಉತ್ತರ ಹುಡುಕುವ ಕೆಲಸ ನನಗೆ ಬಂತು.

ನಮ್ಮ ಗಂಗಾವತಿಯನ್ನೇ ನೋಡಿ. ತುಂಗಭದ್ರಾ ಕಾಲುವೆಯ ನೀರಿನಿಂದ ಭತ್ತ ಬೆಳೆಯುತ್ತದೆ. ಅದೇ ನೀರು ನಿಂತ ಕಡೆ ಭೂಮಿ ಸವಳಾಗುತ್ತದೆ. ಕೇರಳದ ಪೊಕ್ಕಾಲಿ ಭತ್ತ ಉಪ್ಪನ್ನು ತಾಳಿಕೊಳ್ಳುತ್ತದೆ. ಯಾವ ಜೀನ್‌ನಿಂದ ಈ ಶಕ್ತಿ ಬಂತು, ಅದು ಜೀವಕೋಶದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸುವುದೇ ಈ ವಿಷಯ.

ಇದಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರವಿರುವ ವಿಜ್ಞಾನ ವಿಭಾಗ, ನಂತರ ಬಿ.ಎಸ್ಸಿ. ಬೇಕು. ಆಮೇಲೆ ಜಾಮ್, ಗ್ಯಾಟ್-ಬಿ ಪ್ರವೇಶ ಪರೀಕ್ಷೆಗಳಿವೆ. ಗ್ಯಾಟ್-ಬಿ ಮೂಲಕ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಸೀಟು ಸಿಕ್ಕರೆ ವಿದ್ಯಾರ್ಥಿವೇತನವೂ ಇದೆ. ನನಗೆ ಈ ದಾರಿ ಎರಡು ವರ್ಷ ಹಿಂದೆಯೇ ತಪ್ಪಿತು. ಆಗ ನಾನು ಯಾರನ್ನೂ ಕೇಳಿರಲಿಲ್ಲ.

ಅಲಿಗಢದಲ್ಲಿ ಓದಿದ ಒಬೈದ್ ಸಿದ್ದೀಕಿ 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆಣ್ವಿಕ ಜೀವಶಾಸ್ತ್ರ ಘಟಕ ಕಟ್ಟಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರೂ ಅವರೇ. ಇದನ್ನೆಲ್ಲ ಉರ್ದುವಿನಲ್ಲಿ ವಿವರಿಸಿದೆ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸೈನ್ಸ್ ಸೇರಲಿ" ಎಂದರು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಗೆಳೆಯರೇ, ನಿಮ್ಮ ತಮ್ಮ ತಂಗಿಯರಿಗೆ ಫಾರ್ಮ್ ತುಂಬುವ ಮೊದಲೇ ಇದನ್ನು ತಿಳಿಸಿ.