ಮೊಬೈಲ್ ಮೋಹ: ಅಭ್ಯಾಸವು ವ್ಯಸನವಾಗುವುದು ಯಾವಾಗ?

ಬೆಂಗಳೂರು: ಕಾಲೇಜು ವಿದ್ಯಾರ್ಥಿಗಳ ಪಾಲಿಗೆ ಸ್ಮಾರ್ಟ್‌ಫೋನ್ ಇಂದು ಐಷಾರಾಮದ ವಸ್ತುವಲ್ಲ. ತರಗತಿಯ ಟಿಪ್ಪಣಿ, ಪರೀಕ್ಷಾ ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ, ಕ್ಯಾಂಟೀನಿನ ಬಿಲ್ಲು ಎಲ್ಲಕ್ಕೂ ಅದೇ ಬೇಕು. ಮದ್ಯ, ತಂಬಾಕಿನಂತೆ ಅದನ್ನು ಸಂಪೂರ್ಣವಾಗಿ ತ್ಯಜಿಸುವಂತೆ ಹೇಳಲಾಗದು. ಸಮಸ್ಯೆಯ ಜಟಿಲತೆ ಇರುವುದೇ ಇಲ್ಲಿ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾದ ಬಳಿಕ ಇಂಟರ್‌ನೆಟ್ ದರ ಕುಸಿಯಿತು. 2020ರ ಕೋವಿಡ್ ಲಾಕ್‌ಡೌನ್ ಪಾಠವನ್ನೂ ಮೊಬೈಲಿಗೆ ತಂದಿತು. ಆದರೆ ಅಪಾಯದ ಸೂಚನೆ ಅದಕ್ಕೂ ಮೊದಲೇ ದೊರೆತಿತ್ತು. ಬೆಂಗಳೂರಿನ ನಿಮ್ಹಾನ್ಸ್, ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೆ ಒಳಗಾದವರಿಗಾಗಿ ‘ಶಟ್’ ಎಂಬ ಕ್ಲಿನಿಕ್ಕನ್ನು 2014ರಲ್ಲಿಯೇ ತೆರೆಯಿತು.

ಹೆಚ್ಚು ಹೊತ್ತು ಮೊಬೈಲ್ ನೋಡುವುದೆಲ್ಲ ವ್ಯಸನವೇ? ಅಲ್ಲ. 2022ರ ಜನವರಿ 1ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆಯೇ ಹೊರತು ಸ್ಮಾರ್ಟ್‌ಫೋನ್ ವ್ಯಸನ ಎಂಬ ಪ್ರತ್ಯೇಕ ಕಾಯಿಲೆ ಇಲ್ಲ. ಆದರೂ ಅಲ್ಲಿನ ಮಾನದಂಡಗಳು ಇಲ್ಲಿಯೂ ದಾರಿ ತೋರಬಲ್ಲವು. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದ ಕೆಲಸಗಳೆಲ್ಲ ಹಿಂದೆ ಸರಿಯುವುದು, ಹಾನಿ ಕಣ್ಣಿಗೆ ಕಂಡರೂ ನಿಲ್ಲಿಸಲಾಗದಿರುವುದು. ಸಾಮಾನ್ಯವಾಗಿ 12 ತಿಂಗಳು ಈ ಸ್ಥಿತಿ ಮುಂದುವರಿದರೆ ಅದನ್ನು ಕಾಯಿಲೆಯೆಂದು ಪರಿಗಣಿಸಲಾಗುತ್ತದೆ. ಅಂದರೆ ಗಂಟೆಗಳ ಲೆಕ್ಕಕ್ಕಿಂತ ಬದುಕಿನ ಮೇಲಾಗುವ ಪರಿಣಾಮವೇ ಮುಖ್ಯ.

ಬಿಡಲು ಏಕೆ ಕಷ್ಟ? ಮುಂದಿನ ಸಂದೇಶ ಯಾರದ್ದು, ಮುಂದಿನ ರೀಲ್ಸ್ ಯಾವುದು ಎಂಬುದು ಮೊದಲೇ ತಿಳಿಯದು. ಯಾವಾಗ ಸಿಗುವುದೋ ತಿಳಿಯದ ಬಹುಮಾನವೇ ಮನಸ್ಸನ್ನು ಹೆಚ್ಚು ಹಿಡಿದಿಡುತ್ತದೆ. ಪುಸ್ತಕಕ್ಕೆ ಕೊನೆಯ ಪುಟವಿದೆ. ಬೆರಳಾಡಿಸಿದಷ್ಟೂ ಬೆಳೆಯುವ ಪರದೆಗೆ ಕೊನೆಯೇ ಇಲ್ಲ.

ಇದರ ಮೊದಲ ಪೆಟ್ಟು ನಿದ್ರೆಗೆ, ನಂತರದ್ದು ಓದಿಗೆ. ಒಮ್ಮೆ ಚದುರಿದ ಗಮನ ಪಾಠಕ್ಕೆ ಮರಳಲು 20 ನಿಮಿಷಗಳವರೆಗೂ ಬೇಕಾಗಬಹುದೆಂದು ಯುನೆಸ್ಕೊದ 2023ರ ಶಿಕ್ಷಣ ವರದಿ ಎಚ್ಚರಿಸಿತ್ತು. ಕೆಲವರಲ್ಲಿ ಒಂಟಿತನ, ಪರೀಕ್ಷಾಭಯ ಅಥವಾ ಖಿನ್ನತೆಯೇ ಮೂಲವಾಗಿದ್ದು, ಮೊಬೈಲ್ ಅದನ್ನು ಮರೆಯುವ ಸಾಧನವಾಗಿರುತ್ತದೆ. ಅಂಥವರಿಂದ ಫೋನ್ ಕಸಿದುಕೊಂಡರೆ ಜಗಳ ಉಳಿದೀತು, ನೋವು ಹೋಗದು.

ಮಲಗುವ ಕೋಣೆಯಿಂದ ಫೋನ್ ಹೊರಗಿಡುವುದು, ಅನಗತ್ಯ ನೋಟಿಫಿಕೇಷನ್ ನಿಲ್ಲಿಸುವುದು, ಎಚ್ಚರಗೊಳ್ಳಲು ಅಲಾರಂ ಗಡಿಯಾರ ಬಳಸುವುದು ಸರಳ ಆರಂಭ. ಹಾಜರಾತಿ ಕುಸಿದು, ಊಟ-ನಿದ್ರೆ ತಪ್ಪತೊಡಗಿದರೆ ತಜ್ಞರನ್ನು ಕಾಣಲು ತಡಮಾಡಬಾರದು. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.