ಒಲೆಯ ಮುಂದೆ ನಿಂತವರಿಗೊಂದು ಆ್ಯಪ್

ಮೈಸೂರು ಪಾಕಿನ ಕೊನೆಯ ಘಟ್ಟದಲ್ಲಿ ಎರಡೂ ಕೈಗೆ ಕೆಲಸವಿರುತ್ತದೆ. ಬಲಗೈ ಸೌಟು ನಿಲ್ಲಿಸುವಂತಿಲ್ಲ, ಎಡಗೈ ಬಿಸಿ ತುಪ್ಪವನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಿರಬೇಕು. ತುಪ್ಪ ಬಿದ್ದಲ್ಲೆಲ್ಲ ಪಾಕದಲ್ಲಿ ಉಳಿದಿದ್ದ ನೀರು ತಟಕ್ಕನೆ ಹಬೆಯಾಗಿ ನೊರೆ ಏಳುತ್ತದೆ. ತುಂಡು ಮುರಿದಾಗ ಕಾಣುವ ಸಣ್ಣ ತೂತುಗಳು ಆ ಹಬೆ ಹೊರಟುಹೋದ ದಾರಿ. ಮಿಶ್ರಣ ಬಾಣಲೆಯ ಅಂಚು ಬಿಟ್ಟು ಒಟ್ಟುಗೂಡಿದ ಕೂಡಲೇ ತಟ್ಟೆಗೆ ಸುರಿಯಬೇಕು. ಬೇಗ ಇಳಿಸಿದರೆ ಮೆತ್ತಗಾಗುತ್ತದೆ, ತಡವಾದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಟ್ಟೆಯ ಮೇಲೆ ಒರಗಿಸಿಟ್ಟ ಫೋನಿನ ಪರದೆ ಕಪ್ಪಾಗುವುದು ಸಾಮಾನ್ಯವಾಗಿ ಈ ಹೊತ್ತಿನಲ್ಲೇ. ಮುಂದಿನ ಸಾಲು ಓದಬೇಕೆಂದರೆ ಬೆರಳು ಬೇಕು, ಬೆರಳೆಲ್ಲ ತುಪ್ಪ.

ಅಡುಗೆಯ ಆ್ಯಪ್‌ಗಳಲ್ಲಿ ಬಹುಪಾಲು ಸೋಫಾದ ಮೇಲೆ ಕೂತು ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದಂತೆ ನನಗೆ ಕಾಣುತ್ತದೆ. ದೊಡ್ಡ ಬಣ್ಣದ ಚಿತ್ರ, ಕೆಳಗೆ ಸಾಮಗ್ರಿಗಳ ಪಟ್ಟಿ, ಅದರ ಕೆಳಗೆ ಉದ್ದನೆಯ ವಿಧಾನ. ಒಲೆಯ ಮುಂದೆ ನಿಂತವರ ಕೈ, ಕಣ್ಣು, ಕಿವಿಗಳಲ್ಲಿ ಯಾವ ಕ್ಷಣಕ್ಕೆ ಯಾವುದು ಬಿಡುವಾಗಿದೆ ಎಂದು ಲೆಕ್ಕ ಹಾಕುವುದೇ ಇಂಥ ಆ್ಯಪ್ ವಿನ್ಯಾಸದ ಮೊದಲ ಕೆಲಸವಾಗಬೇಕು.

ಕೈಯಿಂದಲೇ ಶುರು ಮಾಡೋಣ. ಫೋನಿನ ಗಾಜಿನಡಿ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುದ್ವಾಹಕ ಗೆರೆಗಳ ಜಾಲವಿರುತ್ತದೆ. ಹೆಚ್ಚಾಗಿ ಇಂಡಿಯಂ ಟಿನ್ ಆಕ್ಸೈಡ್ ಎಂಬ ಪಾರದರ್ಶಕ ವಸ್ತುವಿನಿಂದ ಅದನ್ನು ಮಾಡುತ್ತಾರೆ. ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಧಾರಣಶಕ್ತಿ ತುಸು ಬದಲಾಗುತ್ತದೆ, ಆ ಬದಲಾವಣೆಯನ್ನೇ ಫೋನು 'ಮುಟ್ಟಿದರು' ಎಂದು ತಿಳಿಯುತ್ತದೆ. ನೀರಿನ ಹನಿಯೂ ಇದೇ ಬದಲಾವಣೆ ಉಂಟುಮಾಡಬಲ್ಲದು. ಅಕ್ಕಿ ತೊಳೆದ ಕೈಯಿಂದ ಮುಟ್ಟಿದಾಗ ಪರದೆ ಎಲ್ಲಿಗೋ ಹಾರುವುದು ಇದರಿಂದಲೇ. ಎಣ್ಣೆ ವಿದ್ಯುತ್ತನ್ನು ಹರಿಸದ ಕಾರಣ ಇಷ್ಟು ಗಲಿಬಿಲಿ ಮಾಡುವುದಿಲ್ಲ, ಆದರೆ ಅಕ್ಷರಗಳನ್ನು ಮಸುಕು ಮಾಡುತ್ತದೆ. ಬೆರಳಿಗೆ ಹಿಟ್ಟು ದಪ್ಪಗೆ ಮೆತ್ತಿದ್ದರೆ ಚರ್ಮ ಗಾಜಿನಿಂದ ದೂರವೇ ಉಳಿದು ಸಂಕೇತ ಕ್ಷೀಣಿಸುತ್ತದೆ.

ಆಂಡ್ರಾಯ್ಡ್ ಮಾರ್ಗಸೂಚಿಯ ಪ್ರಕಾರ ಒಂದು ಗುಂಡಿ ಸುಮಾರು ಒಂಬತ್ತು ಮಿಲಿಮೀಟರ್ ಅಗಲವಿದ್ದರೆ ಸಾಕು. ಬಸ್ಸಿನಲ್ಲಿ ಕೂತವರಿಗೆ ಅಷ್ಟು ಸಾಕು. ಅಡುಗೆಮನೆಗೆ ಪರದೆಯ ಕೆಳಗಿನ ಅರ್ಧ ಭಾಗವೇ ಒಂದು ಗುಂಡಿಯಾಗಬೇಕು, ಬೆರಳ ಗೆಣ್ಣಿನಿಂದ ಒತ್ತಿದರೂ ಒಂದೇ ಹೆಜ್ಜೆ ಮುಂದೆ ಹೋಗಬೇಕು. ಪರದೆ ಆರದಂತೆ ಇರಿಸಿಕೊಳ್ಳುವ ಸವಲತ್ತು ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಇದೆ. ಆ್ಯಪ್ ಬರೆದವರು ಅದನ್ನು ಬಳಸಿಕೊಳ್ಳಬೇಕು, ಅಷ್ಟೆ.

ಇನ್ನು ಕಣ್ಣು. ಕೈಯಲ್ಲಿ ಹಿಡಿದ ಫೋನಿಗಿಂತ ಕಟ್ಟೆಯ ಮೇಲಿನದು ಎರಡು ಪಟ್ಟು ದೂರದಲ್ಲಿದ್ದರೆ ಅಕ್ಷರವೂ ಎರಡು ಪಟ್ಟು ದೊಡ್ಡದಿರಬೇಕು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇನ್ನಷ್ಟು ಜಾಗ ಬೇಕು. ½, ¼ ಎಂಬ ಚಿಕ್ಕ ಭಿನ್ನರಾಶಿಗಳು ದೂರದಿಂದ ಒಂದೇ ಥರ ಕಾಣುತ್ತವೆ. ಉಪ್ಪು, ಇಂಗು, ಅಡುಗೆ ಸೋಡಾಗಳ ವಿಷಯದಲ್ಲಿ ಅದು ಸಣ್ಣ ತಪ್ಪಾಗಿ ಉಳಿಯುವುದಿಲ್ಲ. ಅರ್ಧ, ಕಾಲು ಎಂದೇ ಬರೆಯಬೇಕು.

ಕಣ್ಣಿನ ಹಿಂದೆ ನೆನಪು ಇದೆ. ನಾವು ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಏಳರ ಆಸುಪಾಸು ಎಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದಿದ್ದರು; 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕಕ್ಕೆ ಇಳಿಸಿದರು. ಪಕ್ಕದ ಒಲೆಯ ಹಾಲು, ಬಾಗಿಲ ಬಳಿ ಕರೆಯುತ್ತಿರುವ ಮಗು, ಎಷ್ಟು ಸೀಟಿ ಆಯಿತೆಂಬ ಲೆಕ್ಕ ಸೇರಿದರೆ ಆ ನಾಲ್ಕೂ ಭರ್ತಿ. 'ಈಗ ಖಾರದಪುಡಿ ಹಾಕಿ' ಎಂದು ಹೇಳಿ ಅದರ ಅಳತೆಯನ್ನು ಪಟ್ಟಿಯಲ್ಲಿ ಹುಡುಕಿಸುವುದು ಅನ್ಯಾಯ. ಅಳತೆ ಆಯಾ ಹಂತದಲ್ಲೇ ಇರಬೇಕು. ಕವಿ ಮಂಗರಸ 1508ರಲ್ಲಿ 'ಸೂಪಶಾಸ್ತ್ರ' ಎಂಬ ಅಡುಗೆಯ ಪುಸ್ತಕವನ್ನು ಷಟ್ಪದಿಯಲ್ಲಿ ರಚಿಸಿದ. ಪದ್ಯ ಬಾಯಿಪಾಠವಾದವರಿಗೆ ಪುಟ ತಿರುಗಿಸುವ ಕೈ ಬೇಕಿರಲಿಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಹದದ್ದು. 'ಹತ್ತು ನಿಮಿಷ ಕುದಿಸಿ' ಎಂದು ಆ್ಯಪ್ ಹೇಳುತ್ತದೆ. ಯಾರ ಒಲೆಯ ಹತ್ತು ನಿಮಿಷ? ಸಕ್ಕರೆ ಪಾಕ ಗಟ್ಟಿಯಾಗುವುದು ನೀರು ಆವಿಯಾಗಿ ಹೋಗುವುದರಿಂದ. ಕುದಿಯುತ್ತಿರುವ ನೂರು ಗ್ರಾಂ ನೀರನ್ನು ಹಬೆಯಾಗಿಸಲು ಸುಮಾರು 226 ಕಿಲೋಜೂಲ್ ಶಾಖ ಬೇಕು. ಸೆಕೆಂಡಿಗೆ ಒಂದು ಕಿಲೋಜೂಲ್ ಪಾತ್ರೆಗೆ ತಲುಪಿಸುವ ದೊಡ್ಡ ಬರ್ನರಿನಲ್ಲಿ ಅದು ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಅದರರ್ಧ ಶಾಖ ಕೊಡುವ ಚಿಕ್ಕ ಬರ್ನರಿನಲ್ಲಿ ಏಳೂವರೆ ನಿಮಿಷ ಹಿಡಿಯುತ್ತದೆ. ಅಳತೆ ದುಪ್ಪಟ್ಟಾದರೆ ಸಮಯವೂ ಹೆಚ್ಚು ಕಡಿಮೆ ದುಪ್ಪಟ್ಟಾಗುತ್ತದೆ. ನೀರು ಕಡಿಮೆಯಾದಂತೆ ಪಾಕದ ಕುದಿಬಿಂದು ಮೇಲೇರುತ್ತದೆ, ಹೀಗಾಗಿ ಥರ್ಮಾಮೀಟರಿನಿಂದಲೂ ಹದ ಹಿಡಿಯಬಹುದು. ಆದರೆ ಎರಡು ಬೆರಳ ನಡುವೆ ಎಳೆ ಬಂತೇ ಎಂದು ನೋಡುವ ಪರೀಕ್ಷೆ ಅಳೆಯುವುದೂ ಅದೇ ಸಾಂದ್ರತೆಯನ್ನು. ಅದರಲ್ಲೂ ಸಮುದ್ರ ಮಟ್ಟದ ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಎಳೆಯ ಪರೀಕ್ಷೆಗೆ ಊರಿನ ಎತ್ತರದ ಹಂಗಿಲ್ಲ.

ಆದ್ದರಿಂದ ಪ್ರತಿ ಹಂತದಲ್ಲೂ ಹದ ಮೊದಲು ಬರಬೇಕು, ನಿಮಿಷ ಅದರ ಹಿಂದೆ ಅಂದಾಜಾಗಿ ಬರಬೇಕು: 'ಸಾಸಿವೆ ಸಿಡಿಯುವ ತನಕ', 'ಹಸಿ ವಾಸನೆ ಹೋಗುವ ತನಕ', 'ಹಿಟ್ಟು ಉಬ್ಬಿ ದುಪ್ಪಟ್ಟಾಗುವ ತನಕ'. ದೋಸೆ ಹಿಟ್ಟು ಹುದುಗಿಸುವ ಬ್ಯಾಕ್ಟೀರಿಯಾಗಳು ಕರಾವಳಿಯ ಮೇ ತಿಂಗಳಲ್ಲಿ ಚುರುಕು, ಮಡಿಕೇರಿಯ ಡಿಸೆಂಬರಿನಲ್ಲಿ ನಿಧಾನ. ಎರಡೂ ಕಡೆ 'ಎಂಟು ಗಂಟೆ' ಎಂದು ಹೇಳುವ ಆ್ಯಪ್ ಒಂದು ಕಡೆಯಾದರೂ ತಪ್ಪು ಹೇಳುತ್ತಿರುತ್ತದೆ.

ಕುಕ್ಕರಿನ ಸೀಟಿ ಈ ಮಾತಿಗೆ ಒಳ್ಳೆಯ ಪರೀಕ್ಷೆ. ಒಳಗಿನ ಒತ್ತಡ ಮೇಲಿನ ತೂಕವನ್ನು ಎತ್ತುವಷ್ಟಾದಾಗ ಹಬೆ ನುಗ್ಗುತ್ತದೆ, ಒಳಗಿನ ಉಷ್ಣತೆ ಆಗ ಸುಮಾರು 120 ಡಿಗ್ರಿ. ಬೇಳೆ ಬೇಯುವುದು ಆ ಉಷ್ಣತೆಯಲ್ಲಿ ಎಷ್ಟು ಹೊತ್ತು ಇತ್ತೆಂಬುದರ ಮೇಲೆ. ಉರಿ ಜೋರಿದ್ದರೆ ಮೂರು ಸೀಟಿ ಬೇಗಬೇಗ ಮುಗಿದು ಬೇಳೆ ಗಟ್ಟಿ ಉಳಿಯುತ್ತದೆ. ಮೊದಲ ಸೀಟಿ ಕೇಳಿದೊಡನೆ 'ಉರಿ ಸಣ್ಣ ಮಾಡಿ' ಎಂದು ಹೇಳಿ, ಅಲ್ಲಿಂದ ನಿಮಿಷ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. ಫೋನಿನ ಮೈಕ್‌ಗೆ ಇದು ಸಾಧ್ಯವಾಗುವ ಕೆಲಸ: ಬಂದ ಸದ್ದನ್ನು ಕಂಪನಾಂಕಗಳಾಗಿ ಬಿಡಿಸಿದರೆ ತಟ್ಟನೆ ಎದ್ದು ಕೆಲವೇ ಸೆಕೆಂಡಿಗೆ ಇಳಿಯುವ ಹಬೆಯ ಸದ್ದಿಗೂ ಒಂದೇ ಸಮ ಗುಂಯ್‌ಗುಡುವ ಮಿಕ್ಸಿಗೂ ವ್ಯತ್ಯಾಸ ಕಾಣುತ್ತದೆ. ಪಕ್ಕದ ಮನೆಯ ಸೀಟಿ ಎಣಿಕೆಗೆ ಸೇರದಂತೆ ಸದ್ದಿನ ಪ್ರಮಾಣವನ್ನೂ ನೋಡಬೇಕಾಗುತ್ತದೆ.

ಮಾತಿನಲ್ಲಿ ಆಜ್ಞೆ ಕೊಡುವ ಸೌಲಭ್ಯಕ್ಕೂ ಇದೇ ಗದ್ದಲದ ಅಡ್ಡಿ. ಅಡುಗೆಗೆ ಬೇಕಾದ ಆಜ್ಞೆಗಳು ನಾಲ್ಕೈದೇ, ಅವನ್ನಷ್ಟೇ ಗುರುತಿಸುವ ಚಿಕ್ಕ ಪ್ರೋಗ್ರಾಂ ಇಂಟರ್‌ನೆಟ್ಟಿಲ್ಲದೆ ಫೋನಿನಲ್ಲೇ ಓಡಬಲ್ಲದು. ಪದಗಳನ್ನು ಮಾತ್ರ ಎಚ್ಚರದಿಂದ ಆರಿಸಬೇಕು. 'ಮುಂದೆ', 'ಹಿಂದೆ' ಎಂಬವು ಮೊದಲ ಅಕ್ಷರ ಬಿಟ್ಟರೆ ಒಂದೇ. ಚಿಮಣಿ ಫ್ಯಾನು ಓಡುವಾಗ ಕಳೆದುಹೋಗಬಹುದಾದದ್ದು ಆ ಅಕ್ಷರವೇ. 'ಆಯ್ತು', 'ಇನ್ನೊಂದ್ಸಲ ಹೇಳು' ಎಂಬವು ಉದ್ದದಲ್ಲೂ ಧ್ವನಿಯಲ್ಲೂ ಬೇರೆ, ಜನ ಸಹಜವಾಗಿ ಆಡುವ ಮಾತೂ ಹೌದು.

ಇದನ್ನೆಲ್ಲ ಕೋಡ್ ಬರೆಯುವ ಮೊದಲೇ ಪರೀಕ್ಷಿಸುವ ಒಂದು ಹಳೆಯ ವಿಧಾನವಿದೆ. ಯಂತ್ರದ ಬದಲು ಮರೆಯಲ್ಲಿ ಮನುಷ್ಯನೇ ಕೂತು ಉತ್ತರ ಕೊಡುವುದು. ವಿನ್ಯಾಸಕಾರರು ಪಕ್ಕದ ಕೋಣೆಯಿಂದ ಒಂದೊಂದೇ ಹಂತ ಓದಿ ಹೇಳಲಿ, ಅಡುಗೆ ಮಾಡುವವರು ತಿರುಗಿ ಕೇಳಿದ್ದನ್ನೆಲ್ಲ ಬರೆದುಕೊಳ್ಳಲಿ. 'ಇಷ್ಟು ಕೆಂಪಾದ್ರೆ ಸಾಕಾ?', 'ನೀರು ಈಗ್ಲೇ ಹಾಕ್ಲಾ?', 'ಮುಚ್ಚಳ ಮುಚ್ಬೇಕಾ?' ರೆಸಿಪಿ ಬರೆದವರು ಬಿಟ್ಟುಬಿಟ್ಟ ಸಾಲುಗಳು ಇವೇ. ಮೊದಲನೆಯದಕ್ಕೆ ಎಷ್ಟು ಬರೆದರೂ ಸಾಲದು. ಮನೆಯ ದೀಪದ ಬೆಳಕಿನಲ್ಲೇ ತೆಗೆದ ಮೂರು ಫೋಟೊ ಬೇಕು, ಇನ್ನೂ ಆಗದ್ದು, ಆದದ್ದು, ಮೀರಿದ್ದು.