ಐದು ನಿಮಿಷ, ಎಪ್ಪತ್ತು ಕಿಲೋಮೀಟರ್

ಫಿಟ್ಸ್ ಬಂದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಐದು ನಿಮಿಷ ಕಳೆದರೂ ಕೈಕಾಲು ಅದುರುತ್ತಲೇ ಇದ್ದರೆ, ಅಥವಾ ಒಂದು ಮುಗಿದು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಅದು ಜೀವಕ್ಕೆ ಅಪಾಯ. ವೈದ್ಯರು ಇದಕ್ಕೆ ‘ಸ್ಟೇಟಸ್ ಎಪಿಲೆಪ್ಟಿಕಸ್’ ಎನ್ನುತ್ತಾರೆ. ಅರ್ಧ ಗಂಟೆ ಮೀರಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು.

ಮಲೆನಾಡಿನ ಮನೆಗಳಿಗೆ ಈ ಲೆಕ್ಕ ಇನ್ನೂ ಬಿಗಿ. ಸಾಗರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ 60ರ ಆಸುಪಾಸು. ಮಣಿಪಾಲಕ್ಕೆ ಹೊರಟರೆ ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿಯಬೇಕು, ಹೊಸನಗರದವರು ಹುಲಿಕಲ್ ಘಾಟಿ. ತೋಟದ ಮನೆಯಿಂದ ಟಾರು ರಸ್ತೆ ಮುಟ್ಟುವ ಹೊತ್ತು ಬೇರೆ. ಶರಾವತಿ ಹಿನ್ನೀರಿನಾಚೆ ತುಮರಿ ಕಡೆಯವರಿಗೆ ರಾತ್ರಿ ಲಾಂಚೂ ಇರುತ್ತಿರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಅವರಿಗೆ ರಾತ್ರಿಯಲ್ಲೂ ನೇರ ದಾರಿಯಾಯಿತು.

ಫಿಟ್ಸ್ ನಿಲ್ಲದಿರಲು ಕಾರಣ ಹಲವು: ಮಾತ್ರೆ ತಪ್ಪಿಸುವುದು, ಕುಡಿತ ಥಟ್ಟನೆ ಬಿಡುವುದು, ರಕ್ತದಲ್ಲಿ ಸಕ್ಕರೆ ಅಥವಾ ಸೋಡಿಯಂ ಇಳಿಯುವುದು, ಪಾರ್ಶ್ವವಾಯು, ಮಿದುಳಿನ ಸೋಂಕು. ಈ ಭಾಗದಲ್ಲಿ ಮಂಗನ ಕಾಯಿಲೆಯನ್ನೂ ಮರೆಯುವಂತಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾಗಿ, 2019ರಲ್ಲಿ ಸಾಗರದ ಅರಲಗೋಡನ್ನು ನಡುಗಿಸಿದ, ಉಣುಗಿನಿಂದ ಹರಡುವ ರೋಗ ಇದು. ಕೆಲವರಿಗೆ ಮೊದಲ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಎರಡನೇ ಸುತ್ತು ಬರುತ್ತದೆ. ಆಗ ಮಿದುಳಿಗೂ ತಗುಲಬಹುದು.

ಮೊದಲ ಚಿಕಿತ್ಸೆ ಲೊರಾಜೆಪಾಮ್, ಮಿಡಜೊಲಾಮ್‌ನಂಥ ಔಷಧ. ಇವು ಉಸಿರು ನಿಲ್ಲಿಸುತ್ತವೆಂಬ ಭಯದಿಂದ ಹಿಂಜರಿಯುವವರಿದ್ದಾರೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆಂಬುಲೆನ್ಸ್ ಸಿಬ್ಬಂದಿಯ ಮೂಲಕ 205 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ಕಂಡದ್ದು ಇದಕ್ಕೆ ತದ್ವಿರುದ್ಧ. ಉಸಿರಾಟ ಅಥವಾ ರಕ್ತಸಂಚಾರದ ತೊಡಕು ಔಷಧ ಪಡೆದವರಲ್ಲಿ ಶೇ. 10ರಷ್ಟು, ಪಡೆಯದವರಲ್ಲಿ ಶೇ. 22ಕ್ಕೂ ಹೆಚ್ಚು. ಉಸಿರು ಕಸಿಯುವುದು ಹೆಚ್ಚಾಗಿ ನಿಲ್ಲದ ಫಿಟ್ಸೇ.

ಮೊದಲ ಔಷಧಕ್ಕೆ ಬಗ್ಗದಿದ್ದರೆ ಲೆವೆಟಿರಾಸಿಟಾಮ್, ಫೆನಿಟೊಯಿನ್ ಅಥವಾ ವಾಲ್‌ಪ್ರೊಯೇಟ್ ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ಮಿದುಳನ್ನು ಮಲಗಿಸಬೇಕು. ಆ ಗಾಢ ಮಂಪರಿನಲ್ಲಿ ರೋಗಿ ತಾನಾಗಿ ಸಾಕಷ್ಟು ಉಸಿರಾಡಲಾರ, ಅದಕ್ಕೇ ವೆಂಟಿಲೇಟರ್.

“ಮಿಷನ್‌ಗೆ ಹಾಕಿದಾರಂತೆ, ಇನ್ನೇನು ಉಳಿಯಲ್ಲ” ಎಂಬ ಮಾತು ಐಸಿಯು ಬಾಗಿಲಲ್ಲಿ ಬೇಗ ಹಬ್ಬುತ್ತದೆ. ಅದು ಅನ್ಯಾಯದ ಮಾತು. ಒಳಗೆ ಬಾಯಿಯಿಂದ ಶ್ವಾಸನಾಳಕ್ಕಿಳಿಸಿದ ಕೊಳವೆ ಕದಲದಂತೆ ಕೆನ್ನೆಗೆ ಪಟ್ಟಿ ಅಂಟಿಸಿರುತ್ತಾರೆ. ನರ್ಸ್ ಆಗಾಗ ಕಫ ಎಳೆದು ತೆಗೆಯುತ್ತಾರೆ, ಮಗ್ಗುಲು ಬದಲಿಸುತ್ತಾರೆ. ಮಿದುಳಿನ ವಿದ್ಯುತ್ ಅಲೆ ತೋರಿಸುವ, ತಲೆಗೆ ಅಂಟಿಸಿದ ಇಇಜಿ ತಂತಿಗಳೂ ಮುಖ್ಯ, ಏಕೆಂದರೆ ಮೈ ಅಲುಗದಿದ್ದರೂ ಮಿದುಳಿನೊಳಗೆ ಫಿಟ್ಸ್ ಮುಂದುವರಿದಿರಬಹುದು.

ಇಇಜಿ ಶಾಂತವಾಗಿ ಒಂದೆರಡು ದಿನ ಉಳಿದರೆ ಅರಿವಳಿಕೆಯನ್ನು ಹಂತಹಂತವಾಗಿ ಇಳಿಸುತ್ತಾರೆ. ಬಳಿಕ ಯಂತ್ರದ ಆಸರೆ ತಗ್ಗಿಸಿ, ಅರ್ಧ ಗಂಟೆಯಿಂದ ಎರಡು ಗಂಟೆ ರೋಗಿ ತಾನೇ ಉಸಿರಾಡುವನೇ, ಕೆಮ್ಮುವನೇ ಎಂದು ನೋಡುತ್ತಾರೆ. ಗೆದ್ದರೆ ಕೊಳವೆ ಹೊರಗೆ. ತಡವಾದರೆ ಗಂಟಲಲ್ಲಿ ರಂಧ್ರ ಮಾಡಿ ಕೊಳವೆ ಇಡುವುದುಂಟು. ನ್ಯುಮೋನಿಯಾದ ಭಯ ಇದ್ದೇ ಇರುತ್ತದೆ. ಮನೆಗೆ ಬಂದ ಮೇಲೂ ಧ್ವನಿ ಒಡೆದಿರಬಹುದು, ನುಂಗುವಾಗ ಕೆಮ್ಮು ಬರಬಹುದು, ನೆನಪು ಮಸುಕಾಗಿರಬಹುದು. ಎಷ್ಟು ಚೇತರಿಕೆ ಎಂಬುದು ಬಹುಪಾಲು ಮೂಲ ಕಾರಣದ ಮೇಲೆ ನಿಂತಿದೆ. ಮಾತ್ರೆ ತಪ್ಪಿ ಬಂದದ್ದಾದರೆ ಭರವಸೆ ಹೆಚ್ಚು. ಮಿದುಳಿನ ಸೋಂಕಾದರೆ ಹಾದಿ ಉದ್ದ.

ಫಿಟ್ಸ್ ಬಂದ ಹೊತ್ತಿನಲ್ಲಿ ಮನೆಯವರು ಕೈಗೆ ಕಬ್ಬಿಣ, ಬೀಗದ ಕೈ ಕೊಡುತ್ತ ಕೂರಬಾರದು. ಬಾಯಿಗೆ ನೀರು, ಚಮಚ ಹಾಕಲೇಬಾರದು. ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ, 108ಕ್ಕೆ ಕರೆ ಮಾಡಬೇಕು. ಮಿಡಜೊಲಾಮ್ ಮೂಗಿನ ಸ್ಪ್ರೇ ಈಗ ನಮ್ಮಲ್ಲೂ ಸಿಗುತ್ತದೆ. ಪದೇ ಪದೇ ಫಿಟ್ಸ್ ಬರುವವರಿರುವ ದೂರದ ಮನೆಗಳು ತಮ್ಮ ವೈದ್ಯರನ್ನು ಕೇಳಿ, ತೂಕಕ್ಕೆ ತಕ್ಕ ಪ್ರಮಾಣ ಬರೆಸಿಕೊಂಡು, ಮಳೆಗಾಲಕ್ಕೆ ಮೊದಲೇ ಅದನ್ನೂ ದಿನದ ಮಾತ್ರೆಯನ್ನೂ ತಂದಿಟ್ಟುಕೊಳ್ಳಬಹುದು.